ಹೊಲದ ಬದುವಿನಿಂದ ಅಳಿವೆಯವರೆಗೆ: ನಮ್ಮ ಹಳ್ಳದ ನೀರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಒಡ್ಡು, ಹಳ್ಳ, ಕೆರೆ ಅಂತ ಓಡಾಡುವಾಗ ಜನ ನನ್ನನ್ನು ಕೇಳಿದ ಪ್ರಶ್ನೆಗಳಿವು. ಕೆಲವು ಗುಡಿ ಕಟ್ಟೆ ಮೇಲೆ ಬಂದವು, ಕೆಲವು ಪತ್ರದಲ್ಲಿ, ಕೆಲವು ಬಸ್ಸಿನಲ್ಲಿ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲು ತಿಳಿಯಬೇಕಾದ್ದು

ಜಲಾನಯನ ಜಲಾನಯನ ಅಂತೀರಿ, ಹಂಗಂದ್ರ ಏನ್ರಿ?

ಬಿದ್ದ ಮಳೆ ಯಾವ ಯಾವ ಜಾಗದಿಂದ ಹರಿದು ಒಂದೇ ಹಳ್ಳಕ್ಕೆ ಬಂದು ಸೇರುತ್ತದೋ, ಅಷ್ಟೂ ಜಾಗ ಆ ಹಳ್ಳದ ಜಲಾನಯನ. ನಿಮ್ಮ ಹೊಲ, ಪಕ್ಕದವರ ಹೊಲ, ಗಾಂವಠಾಣ, ರಸ್ತೆ, ಗುಡ್ಡ, ತಿಪ್ಪೆ ಎಲ್ಲವೂ ಅದರಲ್ಲಿ ಬಂತು. ಗುಡ್ಡದ ಏಣು, ಅಂದರೆ ನೆತ್ತಿಯ ಸಾಲೇ ಅದರ ಗಡಿ.

ಇದನ್ನು ಕಣ್ಣಾರೆ ನೋಡಬೇಕು ಅಂದರೆ ಖಾನಾಪುರ ತಾಲ್ಲೂಕಿನ ಕಣಕುಂಬಿಗೆ ಹೋಗಿ. ಅಲ್ಲಿ ಹುಟ್ಟುವ ಮಲಪ್ರಭಾ ಪೂರ್ವಕ್ಕೆ ಹೊರಟು, ಸವದತ್ತಿ, ಬಾದಾಮಿ ಕಡೆ ಹಾದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಕಡೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದೇ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ತಿರುಗಿ, ಗೋವಾದಲ್ಲಿ ಮಾಂಡವಿ ಆಗಿ, ಪಣಜಿ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ಒಂದೇ ಮೋಡ, ಒಂದೇ ಮಳೆ. ಏಣಿನ ಯಾವ ಬದಿಗೆ ಹನಿ ಬಿತ್ತು ಅನ್ನುವುದರ ಮೇಲೆ ಅದು ಯಾವ ಸಮುದ್ರಕ್ಕೆ ಅನ್ನುವುದು ತೀರ್ಮಾನ ಆಗುತ್ತದೆ.

ಮಳಿ ಆದ ಕೂಡ್ಲೇ ಹಳ್ಳದ ನೀರು ಚಹಾದ ಬಣ್ಣಕ್ಕ ಯಾಕ ತಿರಗತೈತಿ? ಅದು ಮೊದ್ಲಿಂದನೂ ಹಂಗ ಅಲ್ಲೇನ್ರಿ?

ಸ್ವಲ್ಪ ಮಟ್ಟಿಗೆ ಮೊದಲಿಂದಲೂ ಹಾಗೇ. ಆದರೆ ಇಷ್ಟಲ್ಲ. ಬರಿ ನೆಲದ ಮೇಲೆ ಬಿದ್ದ ಹನಿ ಮಣ್ಣಿನ ಹೆಂಟೆಯನ್ನು ಒಡೆಯುತ್ತದೆ. ಒಡೆದ ಪುಡಿ ನೆಲದ ಸಣ್ಣ ತೂತುಗಳನ್ನು ಮುಚ್ಚುತ್ತದೆ. ನೀರು ಇಂಗಲು ದಾರಿ ಇಲ್ಲದೆ ಮೇಲಿಂದ ಓಡುತ್ತದೆ, ಓಡುವಾಗ ಮಣ್ಣನ್ನೂ ಕರೆದೊಯ್ಯುತ್ತದೆ. ನಮ್ಮ ಕಡೆ ಹಿಂಗಾರಿ ಎರಿ (ಕಪ್ಪು ಮಣ್ಣಿನ) ಹೊಲಗಳನ್ನು ಮುಂಗಾರಿನಲ್ಲಿ ಹರಗಿ ಖಾಲಿ ಬಿಡುತ್ತೇವೆ. ಜೋಳ, ಕಡಲೆ ಬಿತ್ತುವ ಹೊತ್ತಿಗೆ ಜೋರು ಮಳೆ ಎಷ್ಟೋ ಸಲ ಬಂದು ಹೋಗಿರುತ್ತದೆ. ಅಂದರೆ ಮಳೆ ಜಾಸ್ತಿ ಇರುವ ತಿಂಗಳಲ್ಲೇ ನೆಲದ ಮೇಲೆ ಹಸಿರಿಲ್ಲ.

ಎರಿ ಮಣ್ಣಿನ ಕಣ ಬಹಳ ನುಣ್ಣಗೆ. ಮಸಾರಿ (ಕೆಂಪು) ಮಣ್ಣಿನ ಮರಳು ತಂಬಿಗೆಯಲ್ಲಿ ಒಂದು ಗಳಿಗೆಗೆ ತಳ ಸೇರುತ್ತದೆ, ಎರಿ ನೀರು ದಿನಗಟ್ಟಲೆ ಕಲಕಿಯೇ ಇರುತ್ತದೆ. ನಮ್ಮ ಆಯಿ ತಾಮ್ರದ ಹಂಡೆಯ ನೀರಿನಲ್ಲಿ ಪಟಕದ ತುಂಡನ್ನು ಎರಡು ಸುತ್ತು ತಿರುಗಿಸಿ ತೆಗೆಯುತ್ತಿದ್ದಳು. ಬೆಳಗ್ಗೆ ನೋಡಿದರೆ ಮೇಲೆ ತಿಳಿ ನೀರು, ತಳದಲ್ಲಿ ಎರಡು ಬೆರಳು ರಾಡಿ. ಒಂದರಿಂದ ಒಂದು ದೂರ ಸರಿಯುವ ಕಣಗಳನ್ನು ಪಟಕ ಗಂಟು ಕಟ್ಟುತ್ತದೆ. ಗಂಟು ಭಾರವಾಗಿ ತಳಕ್ಕೆ ಕೂರುತ್ತದೆ. ಹಂಡೆಗೆ ಈ ಉಪಾಯ ನಡೆಯಿತು. ನದಿಗೆ ಯಾರು ಪಟಕ ಹಾಕಬೇಕು?

ಡೋಣಿ ನೀರು ಸಪ್ಪಗಿಲ್ಲ, ಉಪ್ಪು. ಯಾರರೆ ಏನರೆ ಬಿಟ್ಟಾರೇನು?

ಯಾರೂ ಬಿಟ್ಟಿಲ್ಲ. ವಿಜಯಪುರ ಜಿಲ್ಲೆಯ ಡೋಣಿ ನದಿಯ ಸಾಲಿನ ಮಣ್ಣಿನಲ್ಲೇ ಲವಣ ಇದೆ. ಮಳೆ ಕಡಿಮೆ, ಬಿಸಿಲು ಜಾಸ್ತಿ, ನದಿಗೆ ಇಳಿಜಾರು ಕಡಿಮೆ. ಹಾಗಾಗಿ ಉಪ್ಪು ತೊಳೆದು ಹೋಗದೆ ಉಳಿಯುತ್ತದೆ. ಆದರೆ ಡೋಣಿಯ ಪಾತ್ರದಲ್ಲಿ ಹೂಳು ತುಂಬಿದ್ದು, ಬಳ್ಳಾರಿ ಜಾಲಿ ಬೆಳೆದು ದಾರಿ ಮುಚ್ಚಿದ್ದು ನಮ್ಮ ಕಾಲದ ಕೆಲಸ. ‘ಡೋಣಿ ಹರಿದರೆ ಓಣೆಲ್ಲ ಜೋಳ’ ಅನ್ನುವ ಮಾತು ಇನ್ನೂ ಇದೆ. ಈಗ ಡೋಣಿ ಹರಿದರೆ ದಂಡೆಯ ರೈತನಿಗೆ ಮೊದಲು ಬರುವುದು ಹೊಲ ಮುಳುಗುವ ಭಯ.

## ಹೊಲ, ಗೊಬ್ಬರ, ಔಷಧ

ಯೂರಿಯಾ ಹಾಕಿದ್ದು ಬೆಳಿಗೆ. ಬೋರಿನ ನೀರಾಗ ಹ್ಯಾಂಗ ಬಂತು?

45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕ ಇರುತ್ತದೆ. ಅದರಲ್ಲಿ ಅರ್ಧ ಬೆಳೆಗೆ ಸಿಕ್ಕರೆ ನಿಮ್ಮ ಪುಣ್ಯ. ಉಳಿದದ್ದು ಸ್ವಲ್ಪ ಗಾಳಿಗೆ, ಸ್ವಲ್ಪ ನೀರಿಗೆ. ನೆಲದಲ್ಲಿ ಅದು ನೈಟ್ರೇಟ್ ಆಗಿ ಬದಲಾಗುತ್ತದೆ. ನೈಟ್ರೇಟ್ ಮಣ್ಣಿಗೆ ಅಂಟುವುದಿಲ್ಲ, ಸಕ್ಕರೆ ಹಾಗೆ ನೀರಿನಲ್ಲಿ ಕರಗಿ ಕೆಳಗೆ ಇಳಿಯುತ್ತದೆ. ಇಳಿದದ್ದು ಬಾವಿಗೆ, ಬೋರಿಗೆ.

ಡಿಎಪಿಯಲ್ಲಿರುವ ರಂಜಕದ ಗುಣ ಬೇರೆ. ಅದು ಮಣ್ಣಿನ ಕಣಕ್ಕೆ ಅಂಟಿಕೊಂಡು ಕೂರುತ್ತದೆ. ಮಣ್ಣು ಹೋದಲ್ಲಿಗೆ ತಾನೂ ಹೋಗುತ್ತದೆ, ಅಂದರೆ ಹಳ್ಳಕ್ಕೆ, ಕೆರೆಗೆ, ಡ್ಯಾಮಿಗೆ. ಅದಕ್ಕೇ ಎರಡಕ್ಕೂ ಒಂದೇ ಮದ್ದು ನಡೆಯುವುದಿಲ್ಲ. ರಂಜಕ ತಡೆಯಬೇಕಾದರೆ ಮಣ್ಣನ್ನು ಹೊಲದಲ್ಲೇ ಹಿಡಿಯಬೇಕು. ನೈಟ್ರೇಟ್ ತಡೆಯಬೇಕಾದರೆ ಒಂದೇ ಸಲ ಸುರಿಯುವುದನ್ನು ಬಿಟ್ಟು ಬೆಳೆ ಬೇಡುವ ಹೊತ್ತಿಗೆ ಮೂರು ನಾಲ್ಕು ಕಂತಿನಲ್ಲಿ ಕೊಡಬೇಕು. ಆಕಾಶ ನೋಡಿ ಹಾಕಬೇಕು. ನಾಳೆ ದೊಡ್ಡ ಮಳೆ ಅನ್ನುವ ದಿನ ಯೂರಿಯಾ ಚೆಲ್ಲಿದರೆ ದುಡ್ಡನ್ನೇ ಹಳ್ಳಕ್ಕೆ ಚೆಲ್ಲಿದಂತೆ.

ನೈಟ್ರೇಟ್ ಇದ್ರೆ ಕುದಿಸಿ ಕುಡಿದ್ರೆ ಸಾಕಲ್ವಾ?

ಸಾಲದು. ಕುದಿಸಿದರೆ ಕ್ರಿಮಿ ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬಾಟಲಿ ಹಾಲು ಕುಡಿಯುವ ಎಳೆ ಕೂಸಿಗೆ ಇದು ಬಹಳ ಅಪಾಯ, ಏಕೆಂದರೆ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುತ್ತದೆ. ಇಂಥ ನೀರಿನಲ್ಲಿ ಹಾಲಿನ ಪುಡಿ ಕಲಸಲೇಬೇಡಿ.

ಇಪ್ಪತ್ತು ವರ್ಷ ಕಬ್ಬು ಬೆಳದೆ, ಈಗ ಹೊಲದಾಗ ಬೆಳ್ಳಗ ಪುಡಿ ಎದ್ದೈತಿ. ನೀರು ಕಡಿಮಿ ಆತೇನ್ರಿ?

ನೀರು ಜಾಸ್ತಿ ಆಗಿದೆ. ಇದನ್ನೇ ಸವಳು-ಜವಳು ಅನ್ನುವುದು. ಘಟಪ್ರಭಾ, ಮಲಪ್ರಭಾ, ಕೃಷ್ಣಾ ದಂಡೆಗಳಲ್ಲಿ ಕಬ್ಬಿನ ಹೊಲಗಳಿಗೆ ಬೋದು ತುಂಬಿ ನೀರು ಹಾಯಿಸುತ್ತೇವೆ. ಎರಿ ಮಣ್ಣು ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ವರ್ಷ ವರ್ಷ ನೆಲದಡಿಯ ನೀರು ಮೇಲೇರುತ್ತದೆ. ಬೇರಿನ ಹತ್ತಿರ ಬಂದಾಗ ಬಿಸಿಲು ಅದನ್ನು ದೀಪದ ಬತ್ತಿ ಎಣ್ಣೆ ಹೀರಿದಂತೆ ಮೇಲಕ್ಕೆ ಹೀರುತ್ತದೆ. ನೀರು ಆವಿ, ಉಪ್ಪು ನೆಲದ ಮೇಲೆ.

ಹಳ್ಳಕ್ಕೆ ಇದರಿಂದ ಆಗುವ ಕೆಡುಕನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ಇಂಥ ಹೊಲದಿಂದ ಬಸಿದ ನೀರು ಉಪ್ಪು ಮತ್ತು ನೈಟ್ರೇಟ್ ಎರಡನ್ನೂ ಹೊತ್ತು ಕೆಳಗಿನ ರೈತನ ಪಂಪ್‌ಸೆಟ್‌ಗೆ ಹೋಗುತ್ತದೆ. ಮೊದಲ ಮದ್ದು ನೀರು ಕಡಿಮೆ ಮಾಡುವುದು, ಅಂದರೆ ಹನಿ ನೀರಾವರಿ, ಇಲ್ಲವೇ ಒಂದು ಬೋದು ಬಿಟ್ಟು ಒಂದು ಬೋದಿಗೆ ನೀರು. ರವದಿಯನ್ನು (ಕಬ್ಬಿನ ಒಣಗರಿಯನ್ನು) ಸುಡದೆ ಹೊಲದಲ್ಲೇ ಹಾಸಿದರೆ ನೀರಿನ ಅಗತ್ಯ ತಾನಾಗಿ ಇಳಿಯುತ್ತದೆ. ಆಮೇಲೆ ಬಸಿಗಾಲುವೆ, ನೆಲದಡಿ ತೂತಿನ ಪೈಪು. ಜಿಪ್ಸಂ ಎಲ್ಲ ಸವಳಿಗೂ ಬೇಕಿಲ್ಲ. ಸೋಡಿಯಂ ಜಾಸ್ತಿ ಇದ್ದಲ್ಲಿ ಮಾತ್ರ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ.

ದ್ರಾಕ್ಷಿಗೆ ಹೊಡೆದ ಔಷಧ ಹಳ್ಳದ ತನಕ ಹೋಗತ್ತಾ?

ಹೋಗುವ ದಾರಿ ಬಹಳ ಸಲ ನಾವೇ ಮಾಡಿಕೊಟ್ಟದ್ದು. ತಿಕೋಟಾ ಕಡೆ ಒಬ್ಬ ಹುಡುಗ ಸ್ಪ್ರೇ ಪಂಪನ್ನು ಹಳ್ಳದ ಮಡುವಿನಲ್ಲಿ ಅದ್ದಿ ತೊಳೆಯುವುದನ್ನು ನೋಡಿದೆ. ನೀಲಿ ಬಣ್ಣದ ಎಳೆ ನೀರಿನಲ್ಲಿ ಹರಡಿ, ಮಾಯವಾಯಿತು. ಅದು ಮೈಲುತುತ್ತದ ಬೋರ್ಡೋ ದ್ರಾವಣ. ಅದರಲ್ಲಿರುವ ತಾಮ್ರ ಮೀನಿಗೆ, ಮೀನಿಗೆ ಆಹಾರವಾಗುವ ಸಣ್ಣ ಹುಳಗಳಿಗೆ ವಿಷ. ಸೈಪರ್‌ಮೆಥ್ರಿನ್‌ನಂಥ ಕೀಟನಾಶಕ ಮೀನಿಗೆ ಇನ್ನೂ ಜಾಸ್ತಿ ಕೆಟ್ಟದ್ದು. ತೊಳೆದ ನೀರನ್ನು ತೋಟದ ಸಾಲಿಗೇ ಹಾಕಿ. ಬಾಟಲಿಯನ್ನು ಮೂರು ಸಲ ತೊಳೆದು ಆ ನೀರನ್ನೂ ಪಂಪಿಗೇ ಸುರಿಯಿರಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಹಳ್ಳದ ದಂಡಿ ಬಿಡು ಅಂತೀರಿ. ನಂದು ಇರೋದ ಒಂದ ಎಕರೆ. ನಷ್ಟ ಯಾರು ಕೊಡ್ತಾರು?

ನನಗೆ ಅತಿ ಜಾಸ್ತಿ ಬಂದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ ಕೂಡ. ಲೆಕ್ಕ ಹಾಕೋಣ. ಚೌಕಾಗಿರುವ ಒಂದು ಎಕರೆಗೆ ಒಂದು ಬದಿ ಸುಮಾರು 64 ಮೀಟರ್. ಹಳ್ಳದ ಬದಿಗೆ 4 ಮೀಟರ್ ಬಿಟ್ಟರೆ ಹೋಗುವುದು ಎರಡೂವರೆ ಗುಂಟೆ. ಅದು ಖಾಲಿ ಬೀಳಬೇಕಿಲ್ಲ. ನೇಪಿಯರ್ ಹುಲ್ಲು ಹಚ್ಚಿದರೆ ಎಮ್ಮೆಗೆ ಮೇವು. ಕರಕಿ ಬೆಳೆದರೂ ಸಾಕು. ಅಂಚಿಗೆ ಒಂದು ಸಾಲು ಲಾವಂಚ ಇದ್ದರೆ ಅದರ ಬೇರು ಆಳಕ್ಕೆ ಇಳಿದು ದಂಡೆ ಕುಸಿಯದಂತೆ ಹಿಡಿಯುತ್ತದೆ.

ಆ ಹುಲ್ಲು ಮಾಡುವ ಕೆಲಸವನ್ನು ಕೂತು ನೋಡಿದ್ದೇನೆ. ಹುನಗುಂದ ತಾಲ್ಲೂಕಿನಲ್ಲಿ ಒಂದು ಸಂಜೆ ಜೋರು ಮಳೆ. ಒಂದೇ ಹಳ್ಳದ ಎರಡು ದಂಡೆ. ಈಚೆ ಹೊಲವನ್ನು ಟ್ರ್ಯಾಕ್ಟರ್ ನೀರಿನ ಅಂಚಿನವರೆಗೂ ರಂಟೆ ಹೊಡೆದಿತ್ತು. ಆಚೆ ಹೊಲದಲ್ಲಿ ಮುದುಕರೊಬ್ಬರು ದನಕ್ಕೆ ಅಂತ ಹುಲ್ಲಿನ ಪಟ್ಟಿ ಬಿಟ್ಟಿದ್ದರು. ಎರಡೂ ಕಡೆ ಹರಿದು ಬರುವ ನೀರನ್ನು ಎರಡು ಗಾಜಿನ ಬಾಟಲಿಯಲ್ಲಿ ಹಿಡಿದೆ. ಈಚೆಯದು ಬೆಲ್ಲದ ಪಾಕದ ಹಾಗೆ, ಬಾಟಲಿ ಹಿಂದೆ ಇಟ್ಟ ಬೆರಳು ಕಾಣಲಿಲ್ಲ. ಆಚೆಯದರಲ್ಲಿ ಬೆರಳಿನ ಗೆರೆ ಕಾಣುತ್ತಿತ್ತು. ಹುಲ್ಲಿನ ದಂಟಿಗೆ ತಾಗಿ ನೀರಿನ ಓಟ ನಿಂತಿತ್ತು, ಮಣ್ಣು ಹುಲ್ಲಿನ ಬುಡದಲ್ಲೇ ಕೂತಿತ್ತು. ಆ ಮುದುಕರು ಹುಲ್ಲು ಸರಿಸಿ ತೋರಿಸಿದರು. ಒಂದು ಗೇಣು ಹೊಸ ಮಣ್ಣು. ‘ಮ್ಯಾಲಿನವ್ರ ಮಣ್ಣು ನನ್ನ ಹೊಲದಾಗ ಐತಿ ನೋಡ್ರಿ’ ಅಂದರು.

ನಷ್ಟ ಕಟ್ಟಿಕೊಡುವ ವ್ಯವಸ್ಥೆ ಬರಬೇಕು, ಅದನ್ನು ಕೇಳುವ ಹಕ್ಕು ನಿಮಗಿದೆ. ಆದರೆ ನಾನಾಗಿದ್ದರೆ ಅದು ಬರುವ ತನಕ ಕಾಯುತ್ತಿರಲಿಲ್ಲ. ಒಂದು ಅಂಗುಲ ಮಣ್ಣು ಹುಟ್ಟಲು ನೂರಾರು ವರ್ಷ ಬೇಕು, ಹೋಗಲು ಒಂದು ಸಂಜೆಯ ಮಳೆ ಸಾಕು.

ಒಡ್ಡು, ಕೃಷಿ ಹೊಂಡ ನೀರು ಉಳಸಾಕ. ನೀರು ಚೊಕ್ಕ ಮಾಡಾಕೂ ಉಪಯೋಗನಾ?

ಹೌದು. ನಿಂತ ನೀರು ಮಣ್ಣನ್ನು ಕೆಳಗಿಳಿಸುತ್ತದೆ, ಮಣ್ಣಿನ ಜೊತೆ ರಂಜಕವೂ ಇಳಿಯುತ್ತದೆ. ಇದು ನಮಗೆ ಹೊಸದೂ ಅಲ್ಲ. ಒಣಬೇಸಾಯದ ಸಂಶೋಧನೆಗೆ 1930ರ ದಶಕದಲ್ಲಿ ದೇಶದಲ್ಲಿ ಆರಿಸಿಕೊಂಡ ಕೆಲವೇ ಜಾಗಗಳಲ್ಲಿ ಆಗಿನ ಬಿಜಾಪುರವೂ ಒಂದು. ಆದರೆ ಒಡ್ಡಿಗೆ ಕೋಡಿ ಇರಬೇಕು, ಕೋಡಿಗೆ ಕಲ್ಲು ಇರಬೇಕು. ಕೋಡಿ ಇಲ್ಲದ ಒಡ್ಡು ದೊಡ್ಡ ಮಳೆಗೆ ಒಡೆದರೆ ವರ್ಷಗಟ್ಟಲೆ ಹಿಡಿದ ಮಣ್ಣನ್ನು ಒಂದೇ ರಾತ್ರಿ ಹಳ್ಳಕ್ಕೆ ಕೊಡುತ್ತದೆ. ಹೊಂಡದ ಹೂಳನ್ನು ಬೇಸಿಗೆಯಲ್ಲಿ ತೆಗೆದು ಹೊಲಕ್ಕೇ ಹಾಕಿ. ಅದರಲ್ಲಿ ನಿಮ್ಮದೇ ಗೊಬ್ಬರ ಇದೆ.

ಗಿಡ ಹಚ್ಚಿದ್ರೆ ಎಲ್ಲಾ ಸರಿ ಹೋಗತ್ತೆ ಅಲ್ವಾ?

ಅರ್ಧ ಸರಿ ಹೋಗುತ್ತದೆ. ವಿಜಯಪುರ ಜಿಲ್ಲೆಯಲ್ಲಿ ಕಾಡು ಶೇ 1ಕ್ಕಿಂತ ಕಡಿಮೆ. ಗಿಡ ಖಂಡಿತ ಬೇಕು. ಆದರೆ ಮಣ್ಣನ್ನು ಹಿಡಿಯುವುದು ನೆಲಕ್ಕೆ ತಾಗಿದ ಹುಲ್ಲು, ಉದುರಿದ ಎಲೆ, ಸಣ್ಣ ಪೊದೆ. ಕೆಳಗೆಲ್ಲ ಗುಡಿಸಿ ಚೊಕ್ಕ ಮಾಡಿದ ಮರದ ತೋಪಿನಲ್ಲಿ ಎತ್ತರದ ಎಲೆಯಿಂದ ಬೀಳುವ ದಪ್ಪ ಹನಿ ನೆಲವನ್ನು ಇನ್ನೂ ಜೋರಾಗಿ ಹೊಡೆಯುತ್ತದೆ.

## ಊರು ಮತ್ತು ಕಾರ್ಖಾನೆ

ಬೆಳಗಾವಿಯ ಚರಂಡಿ ನೀರು ಕೊನೆಗೆ ಎಲ್ಲಿ ಹೋಗತ್ತೆ?

ದೊಡ್ಡ ಪಾಲು ಬಳ್ಳಾರಿ ನಾಲಾದ ದಾರಿ ಹಿಡಿಯುತ್ತದೆ. ಬಾಸುಮತಿ ಭತ್ತದ ಗದ್ದೆಗಳ ನಡುವೆ ಹರಿದು ಅದು ಮಾರ್ಕಂಡೇಯಕ್ಕೆ ಸೇರುತ್ತದೆ, ಮಾರ್ಕಂಡೇಯ ಗೋಕಾಕ ಹತ್ತಿರ ಘಟಪ್ರಭಾಕ್ಕೆ, ಘಟಪ್ರಭಾ ಆಲಮಟ್ಟಿ ಹಿನ್ನೀರಿಗೆ. ಒಂದು ಮಾತು ನೆನಪಿಡಿ. ನಗರ ಕುಡಿಯುವ ರಕ್ಕಸಕೊಪ್ಪದ ನೀರು ಕೂಡ ಮಾರ್ಕಂಡೇಯದ್ದೇ. ಊರಿನ ಮೇಲೆ ಅದೇ ನದಿಯಿಂದ ಕೊಡ ತುಂಬಿಕೊಳ್ಳುತ್ತೇವೆ, ಊರಿನ ಕೆಳಗೆ ಅದೇ ನದಿಗೆ ಚರಂಡಿ ಬಿಡುತ್ತೇವೆ.

ಊರು ಬೆಳೆದಂತೆ ಡಾಂಬರು, ಸಿಮೆಂಟು, ಫರಸಿ ಜಾಸ್ತಿ. ಇಂಗಬೇಕಾದ ಮಳೆ ಎಣ್ಣೆ, ಪ್ಲಾಸ್ಟಿಕ್, ಕಸ ತೊಳೆದುಕೊಂಡು ಒಂದೇ ಸಲಕ್ಕೆ ನಾಲಾಕ್ಕೆ ಬೀಳುತ್ತದೆ. ನಾಲಾ ತುಂಬಿ ಗದ್ದೆ ಮುಳುಗುವುದೂ ಇದರಿಂದಲೇ.

ಬ್ಯಾಸಗ್ಯಾಗ ನದ್ಯಾಗ ಮೀನ ಸತ್ತು ತೇಲತಾವು. ವಿಷ ಬಿಟ್ಟಾರಂತ ಖರೇನಾ?

ಒಮ್ಮೊಮ್ಮೆ ವಿಷ, ಬಹಳ ಸಲ ಉಸಿರುಗಟ್ಟಿ. ಮೀನಿಗೆ ಲೀಟರ್ ನೀರಿನಲ್ಲಿ 4-5 ಮಿಲಿಗ್ರಾಂ ಆಮ್ಲಜನಕ ಬೇಕು. ಬೆಚ್ಚಗಿನ ನೀರಿನಲ್ಲಿ ಕರಗುವುದೇ ಸುಮಾರು 8. ಅಂಥ ನೀರಿಗೆ ಕೊಳೆಯುವ ವಸ್ತು ಬಿದ್ದರೆ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಇದ್ದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಸ್ಪಿರಿಟ್ ತೆಗೆದ ಮೇಲೆ ಉಳಿಯುವ ಕಂದು ನೀರು ಊರ ಚರಂಡಿ ನೀರಿಗಿಂತ ನೂರು ಪಟ್ಟಿಗೂ ಮೀರಿ ಆಮ್ಲಜನಕ ಕೇಳುತ್ತದೆ. ಅದು ಒಂದು ತೊಟ್ಟೂ ಹೊರಗೆ ಹೋಗಬಾರದು ಅನ್ನುವ ನಿಯಮ ಅದಕ್ಕೇ ಇರುವುದು. ಬ್ಯಾರೇಜಿನ ಹಿಂದೆ ನಿಂತ ಬೇಸಿಗೆ ನೀರಿಗೆ ತೆಳುವಾಗಿಸುವ ಶಕ್ತಿಯೂ ಇಲ್ಲ.

ಮೀನು ಸತ್ತದ್ದು ಕಂಡರೆ ಹೊತ್ತು ಗೊತ್ತು ಬರೆದಿಡಿ. ನಸುಕಿನಲ್ಲಿ ಸತ್ತು, ನೀರು ಹಸಿರಾಗಿದ್ದರೆ ಪಾಚಿ ರಾತ್ರಿ ಆಮ್ಲಜನಕ ತಿಂದಿರಬಹುದು. ಕಂದು ನೀರು, ಕೊಳೆತ ಬೆಲ್ಲದ ವಾಸನೆ ಇದ್ದರೆ ಮೇಲ್ಗಡೆ ಹುಡುಕಬೇಕು.

ಹೊಲಸೆಲ್ಲಾ ಮಹಾರಾಷ್ಟ್ರದಿಂದ ಬರತೈತಿ. ನಾವೇನ ಮಾಡೂದು?

ಬರುವುದು ನಿಜ. ಕೊಲ್ಹಾಪುರ, ಇಚಲಕರಂಜಿ ಕಡೆಯ ಪಂಚಗಂಗಾ ನರಸೋಬವಾಡಿಯಲ್ಲಿ ಕೃಷ್ಣೆಗೆ ಸೇರಿಯೇ ನಮ್ಮ ಚಿಕ್ಕೋಡಿ ಕಡೆ ಬರುತ್ತಾಳೆ. ಆದರೆ ರಾಯಚೂರಿನವರು ನಮ್ಮ ಬಗ್ಗೆ, ತೆಲಂಗಾಣದವರು ರಾಯಚೂರಿನವರ ಬಗ್ಗೆ ಇದೇ ಮಾತು ಹೇಳಬಹುದು. ನಮ್ಮ ಹಳ್ಳಗಳು ನಮ್ಮ ಕೈಯಲ್ಲಿವೆ.

ಇಳಕಲ್ಲ, ಬಾದಾಮಿ ಕಡೆ ಹಲ್ಲು ಹಳದಿ ಆಗೂದು ಯಾವ ಕಾರ್ಖಾನಿಯಿಂದ?

ಕಾರ್ಖಾನೆಯಿಂದ ಅಲ್ಲ. ಅದು ಫ್ಲೋರೈಡ್, ಕಲ್ಲಿನಿಂದಲೇ ಬರುವಂಥದ್ದು. ಬೋರು ಆಳಕ್ಕೆ ಹೋದಷ್ಟೂ ಕಲ್ಲಿನ ಜೊತೆ ಬಹಳ ಕಾಲ ಇದ್ದ ನೀರು ಸಿಗುತ್ತದೆ. ಮೇಲ್ಪದರದಲ್ಲಿ ಮಳೆ ನೀರು ಇಂಗಿದರೆ ಫ್ಲೋರೈಡ್ ತೆಳುವಾಗುತ್ತದೆ. ನೆಲದ ಬಳಕೆಗೂ ಇದಕ್ಕೂ ಇರುವ ನಂಟು ಅಷ್ಟು.

## ಡ್ಯಾಮಿನಿಂದ ಅಳಿವೆಯವರೆಗೆ

ಅಳಿವೆ ಅಂದ್ರೇನು? ಸಮುದ್ರ ನೋಡದ ನಮಗೆ ಅದ್ಯಾಕೆ?

ನದಿಯ ಸಿಹಿನೀರು, ಸಮುದ್ರದ ಉಪ್ಪುನೀರು ಬೆರೆಯುವ ಜಾಗ ಅಳಿವೆ. ಉಬ್ಬರ ಬಂದಾಗ ಉಪ್ಪು ಒಳಗೆ, ಇಳಿತದಲ್ಲಿ ಸಿಹಿ ಹೊರಗೆ. ಮಾಂಡವಿಯಲ್ಲಿ ಬೇಸಿಗೆಯ ಉಬ್ಬರ ಹತ್ತಾರು ಕಿಲೋಮೀಟರ್ ಒಳಗೆ ಬರುತ್ತದೆ. ಆ ಬೆರಕೆ ನೀರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಬೆಳೆಯುತ್ತದೆ, ಸಿಗಡಿ ಮರಿಗಳು ಸಮುದ್ರದಿಂದ ಬಂದು ಕಾಂಡ್ಲಾ ಬೇರಿನ ಸಂದಿಯಲ್ಲಿ ಅಡಗಿ ದೊಡ್ಡದಾಗುತ್ತವೆ. ಪಣಜಿ ಎದುರಿನ ಚೋರಾವ್ ದ್ವೀಪದ ಸಲೀಂ ಅಲಿ ಪಕ್ಷಿಧಾಮ ಇಂಥದ್ದೇ ಕಾಡು. ಕೃಷ್ಣೆಯ ಅಳಿವೆ ಆಂಧ್ರದ ಹಂಸಲದೀವಿಯಲ್ಲಿ. ಖಾನಾಪುರದ ಗುಡ್ಡದಲ್ಲಿ ಜಾರಿದ ಮಣ್ಣು ಈ ಎರಡರಲ್ಲಿ ಒಂದರ ದಾರಿ ಹಿಡಿದಿರುತ್ತದೆ.

ಆಲಮಟ್ಟಿಯಲ್ಲೇ ಮಣ್ಣು, ಹೊಲಸು ನಿಂತುಬಿಟ್ರೆ ಸಮುದ್ರಕ್ಕೆ ಒಳ್ಳೇದೇ ಅಲ್ವಾ?

ಕೇಳಲು ಹಾಗೇ ಅನಿಸುತ್ತದೆ. ಆದರೆ ನದಿಯ ಮುಖಜ ಭೂಮಿ ನಿಂತಿರುವುದೇ ನದಿ ತಂದ ಮಣ್ಣಿನ ಮೇಲೆ. ಆಲಮಟ್ಟಿ, ನಾರಾಯಣಪುರ, ಜುರಾಲಾ, ಶ್ರೀಶೈಲ, ನಾಗಾರ್ಜುನಸಾಗರ ಹೀಗೆ ಒಂದರ ಕೆಳಗೊಂದು ಡ್ಯಾಮು. ಪ್ರತಿಯೊಂದರಲ್ಲೂ ಮಣ್ಣು ಕೂರುತ್ತದೆ. ಕೆಳಗೆ ಸಮುದ್ರ ದಂಡೆಯನ್ನು ಕೊರೆಯುತ್ತದೆ, ತುಂಬಲು ಹೊಸ ಮಣ್ಣಿಲ್ಲ. ಮಣ್ಣಿನ ಜೊತೆ ಸಿಲಿಕಾ ಕೂಡ ಡ್ಯಾಮಿನಲ್ಲೇ ನಿಲ್ಲುತ್ತದೆ. ಸಿಲಿಕಾದಿಂದ ಚಿಪ್ಪು ಕಟ್ಟುವ ಡಯಾಟಂ ಅನ್ನುವ ಸಣ್ಣ ಪಾಚಿ ಕಡಲ ಜೀವಗಳಿಗೆ ಒಳ್ಳೆಯ ಆಹಾರ. ಸಿಲಿಕಾ ಕಡಿಮೆಯಾಗಿ, ನೈಟ್ರೇಟ್ ಮಾತ್ರ ಕರಗಿಕೊಂಡು ಬಂದರೆ ಡಯಾಟಂ ಜಾಗಕ್ಕೆ ಬೇರೆ ಪಾಚಿ ಬರುತ್ತದೆ, ಕೆಲವು ಜಾತಿ ವಿಷದವು.

ಅಂದರೆ ನಮ್ಮ ಕೃಷ್ಣೆಯಲ್ಲಿ ಎರಡು ತಪ್ಪು ಒಟ್ಟಿಗೆ ನಡೆದಿವೆ. ಹೊಲದಿಂದ ಹೋಗಬಾರದ ಮೇಲ್ಮಣ್ಣು ಹೋಗಿ ಡ್ಯಾಮು ತುಂಬುತ್ತಿದೆ, ಮುಖಜ ಭೂಮಿಗೆ ಹೋಗಬೇಕಾದ ಮರಳು ಹೋಗುತ್ತಿಲ್ಲ. ನಡುವೆ ನದಿಯ ಉಸುಕನ್ನು ಟಿಪ್ಪರ್‌ಗಳು ಒಯ್ಯುತ್ತವೆ.

ಸಮುದ್ರಕ್ಕೆ ಹೋಗೋ ನೀರು ಸುಮ್ನೆ ವ್ಯರ್ಥ ಅಲ್ವಾ?

ಈ ಮಾತನ್ನು ನಮ್ಮ ಕಡೆ ಹುಷಾರಾಗಿ ಆಡಬೇಕು. ಮಲಪ್ರಭೆ ಬತ್ತಿದ ಬೇಸಿಗೆಯಲ್ಲಿ ಕೊಡಕ್ಕಾಗಿ ನಿಂತವರ ಬಾಯಾರಿಕೆ ಸುಳ್ಳಲ್ಲ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಮಹದಾಯಿಗೆ ಸೇರುವ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ 3.90 ಟಿಎಂಸಿ ಹಂಚಿದೆ. ಕುಡಿಯುವ ನೀರಿನ ಬೇಡಿಕೆ ನ್ಯಾಯವೇ. ಆದರೆ ‘ವ್ಯರ್ಥ’ ಅನ್ನುವ ಪದ ಮಾತ್ರ ತಪ್ಪು. 2000ದ ದಶಕದ ಆರಂಭದ ಬರದಲ್ಲಿ ಕೃಷ್ಣೆಯಿಂದ ಸಮುದ್ರ ಸೇರುವ ನೀರು ಹೆಚ್ಚು ಕಡಿಮೆ ನಿಂತೇ ಹೋಗಿತ್ತು. ಸಿಹಿನೀರಿನ ಒತ್ತು ಇಲ್ಲದಿದ್ದರೆ ಉಪ್ಪು ಒಳಗೆ ನುಗ್ಗಿ, ಅಲ್ಲಿನ ಬಾವಿ, ಗದ್ದೆ ಕೆಡುತ್ತವೆ. ಅವರ ಗದ್ದೆಗೆ ಬರುವುದೂ ಸವಳೇ. ಅದರ ಕಷ್ಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಖಾನಾಪುರದ ಕಾಡು ಉಳಿದ್ರೆ ಗೋವಾದ ಮೀನಿಗೆ ಏನು ಲಾಭ?

ಭೀಮಗಡ 2011ರಲ್ಲಿ ವನ್ಯಜೀವಿಧಾಮ ಆಯಿತು. ಅಂಥ ಕಾಡಿನ ನೆಲ ಜಡಿಮಳೆಯನ್ನು ಕುಡಿದು, ಮಳೆ ನಿಂತ ಮೇಲೂ ತಿಳಿ ನೀರನ್ನು ನಿಧಾನವಾಗಿ ಬಿಡುತ್ತದೆ. ಕಾಡು ಹೋದ ಕಡೆ ಏನಾಗುತ್ತದೆ ಅನ್ನುವುದಕ್ಕೆ ಮಾಂಡವಿಯ ಕೆಳಭಾಗವೇ ಉದಾಹರಣೆ. ಗೋವಾದ ಕಬ್ಬಿಣದ ಅದಿರಿನ ಗಣಿಗಳ ಕೆಂಪು ಮಣ್ಣು ಮಳೆಗಾಲದಲ್ಲಿ ತೊಳೆದು ಬಂದು ಅಳಿವೆಯ ತಳದಲ್ಲಿ ಕೂತಿತು. ತಳದ ಕೆಸರಿನಲ್ಲಿ ಬದುಕುವ ಚಿಪ್ಪುಜೀವಿಗಳ ಮೇಲೆ ಹೂಳು ಬಿದ್ದರೆ ಅವು ಅಲ್ಲೇ ಹೂತು ಹೋಗುತ್ತವೆ. ಅವು ಮೀನಿನ ಹಾಗೆ ಓಡಲಾರವು.

ನಮ್ಮ ಹಳ್ಳ ಸುಧಾರಿಸೈತೋ ಇಲ್ಲೋ, ಲ್ಯಾಬ್ ಇಲ್ದ ಹ್ಯಾಂಗ ತಿಳೀಬೇಕು?

ಒಂದೇ ಜಾಗ, ಒಂದೇ ಥರದ ಬಾಟಲಿ. ಪ್ರತಿ ದೊಡ್ಡ ಮಳೆ ನಿಂತ ಅರ್ಧ ಗಂಟೆಗೆ ನೀರು ಹಿಡಿದು, ಚೀಟಿಯಲ್ಲಿ ತಾರೀಖು ಬರೆದು, ಶಾಲೆಯ ಕಿಟಕಿಯಲ್ಲಿ ಸಾಲಾಗಿ ಇಡಿ. ವಾರದ ನಂತರ ತಳದ ಮಣ್ಣನ್ನು ಸ್ಕೇಲಿನಿಂದ ಅಳೆಯಿರಿ. ಮಳೆ ಇಲ್ಲದ ದಿನ ಹರಿಯುವ ನೀರಿನ ಕಲ್ಲುಗಳನ್ನು ಎತ್ತಿ ತಿರುಗಿಸಿ ನೋಡಿ. ಕೆಳಗೆ ಬರೀ ಕೆಂಪು ಎಳೆಹುಳ ಇದ್ದರೆ ಆಮ್ಲಜನಕ ಕಡಿಮೆ. ಬಾಲದಲ್ಲಿ ಎರಡು ಮೂರು ಎಳೆ ಇರುವ, ಹೊಟ್ಟೆಯ ಬದಿಗೆ ಗರಿಯಂಥ ಕಿವಿರು ಆಡಿಸುವ ಸಣ್ಣ ಮರಿಹುಳ ಕಂಡರೆ ನೀರು ಚೆನ್ನಾಗಿದೆ. ಹೊಲಸು ನೀರಿನಲ್ಲಿ ಅದು ಬದುಕುವುದಿಲ್ಲ. ಬೀಳಗಿ ತಾಲ್ಲೂಕಿನ ಒಂದು ಶಾಲೆಯ ಮಕ್ಕಳು ಹೋದ ವರ್ಷ ಅದನ್ನು ಹುಡುಕಿ ಸಿಗದೆ ಸಪ್ಪಗೆ ಬಂದಿದ್ದರು. ಈ ವರ್ಷ ಹುಲ್ಲು ಬಿಟ್ಟ ದಂಡೆಯ ಕೆಳಗಿನ ಕಲ್ಲಿನಲ್ಲಿ ಮೂರು ಸಿಕ್ಕವು. ಕಲ್ಲನ್ನು ಮೊದಲಿದ್ದ ಹಾಗೇ ಮೆಲ್ಲಗೆ ಮಗುಚಿಟ್ಟು ಬಂದರು.